ಅವ್ವನ ಜಾಗ

ಆ ಊರಿನಲ್ಲಿ ಯಾರಾದರೂ ಸತ್ತರೆ ಸರೋವರದ ದಂಡೆಯ ಗೋಪುರದಲ್ಲಿ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿದ್ದೇ ತಡ, ನಮ್ಮ ಹಾಸ್ಟೆಲಿನ ಊಟದ ಕೋಣೆಯಲ್ಲಿ ಚಮಚಗಳ ಸದ್ದು ನಿಲ್ಲುತ್ತಿತ್ತು. ಸತ್ತವರ ಹೆಸರು ಯಾರಿಗೂ ಬೇಕಿರಲಿಲ್ಲ. ಏನು ಕೆಲಸ ಮಾಡಿಕೊಂಡಿದ್ದರಂತೆ ಎಂಬುದೊಂದೇ ಪ್ರಶ್ನೆ. ಹಲ್ಲಿನ ಡಾಕ್ಟರಂತೆ ಎಂದು ಸುದ್ದಿ ಬಂದರೆ ಆ ಓದು ಓದಿದವರ ಮೇಜಿನಲ್ಲಿ ಮುಖಗಳು ಅರಳಿ, ಮರುಗಳಿಗೆ ನಾಚಿಕೊಂಡು ತಟ್ಟೆಯತ್ತ ಬಗ್ಗುತ್ತಿದ್ದವು. ನಾವು ಯಾರೂ ಕೆಟ್ಟವರಲ್ಲ. ಓದು ಮುಗಿದಿತ್ತು, ವಾಪಸು ಹೋಗುವ ಮನಸ್ಸಿರಲಿಲ್ಲ, ಅಷ್ಟೆ.

ಊರಿನ ಜನರ ಸಂಖ್ಯೆ ಹೆಚ್ಚುವ ಹಾಗಿರಲಿಲ್ಲ, ಕಡಿಮೆಯಾಗುವ ಹಾಗೂ ಇರಲಿಲ್ಲ. ಅಲ್ಲಿನ ಬಸುರಿಯರೂ ಆ ಗಂಟೆಗೇ ಕಾಯುತ್ತಿದ್ದರು. ದೂರದಿಂದ ಓದಲು ಬಂದ ನಾವು ಅತಿಥಿಗಳು, ಲೆಕ್ಕಕ್ಕಿಲ್ಲ. ಕೊನೆಯ ಪರೀಕ್ಷೆ ಮುಗಿದ ಮೇಲೆ ಮೊದಲ ಹಿಮ ಬೀಳುವವರೆಗೆ ಮಾತ್ರ ಆ ಅತಿಥಿ ಮರ್ಯಾದೆ. ಅಷ್ಟರೊಳಗೆ ಏನೇನು ಮಾಡಬಹುದೆಂದು ವಾರ್ಡನ್ ಬೆರ್ನಾ ಪ್ರತಿ ವರ್ಷವೂ ಸೂಪು ಬಡಿಸುತ್ತಾ ಒಂದೇ ದನಿಯಲ್ಲಿ ಹೇಳುತ್ತಿದ್ದರು. ನಿಮಗೆ ಬರುವ ಕೆಲಸದಲ್ಲೇ ಇದ್ದವರು ಯಾರಾದರೂ ತೀರಿಕೊಂಡರೆ, ಮನೆಯವರು ಒಪ್ಪಿದರೆ, ಆ ಜಾಗಕ್ಕೆ ಸೇರಬಹುದು. ಕೆಲಸ ಅವರದು, ಕುರ್ಚಿ ಅವರದು, ಹೆಸರೂ ಅವರದೇ. ಇಲ್ಲವೇ ಊರಿನವರನ್ನು ಮದುವೆಯಾಗಿ ಅವರ ಜಾಗದಲ್ಲಿ ಅರ್ಧ ಹಂಚಿಕೊಳ್ಳಬಹುದು. ಅದೂ ಬೇಡವೆಂದರೆ ಇನ್ನೊಂದು ಕೋರ್ಸಿಗೆ ಸೇರಿ ಅತಿಥಿಯಾಗಿಯೇ ಉಳಿಯಬಹುದು. ಯಾವುದೂ ಆಗದಿದ್ದರೆ ಸರೋವರ ದಾಟಿಸುವ ಲಾಂಚು ಹತ್ತಿ ಹಿಂತಿರುಗಬೇಕು. "ಹಿಮ ಬಿದ್ದ ಮೇಲೂ ಸುಮ್ಮನೆ ಉಳಿದುಕೊಂಡರೆ?" ಎಂದು ಹೊಸಬರು ಯಾರಾದರೂ ಕೇಳುವರು. ಬೆರ್ನಾ ಮೂಲೆಯ ಖಾಲಿ ಬೆಂಚಿನ ಮುಂದೆ ಒಂದು ಬಟ್ಟಲು ಸೂಪು ಇಟ್ಟು ಬರುತ್ತಿದ್ದರು. ನಮ್ಮ ಊಟ ಮುಗಿಯುವಷ್ಟರಲ್ಲಿ ಆ ಬಟ್ಟಲು ಬರಿದಾಗಿರುತ್ತಿತ್ತು.

ಈ ದಾರಿಗಳಲ್ಲಿ ಯಾವುದನ್ನು ಹಿಡಿದವರೂ ನಮ್ಮ ಕಣ್ಣೆದುರಿಗೇ ಇದ್ದರು. ಮದುವೆಯಾದ ಗೆಳತಿಯೊಬ್ಬಳು ಗಂಡ ಬಾಯಿ ಮುಚ್ಚಿದಾಗ ಮಾತ್ರ ಮಾತಾಡಬಲ್ಲವಳಾಗಿದ್ದಳು. ಗಂಡ ಮಹಾ ಮಾತುಗಾರ. ಸಂತೆಯಲ್ಲಿ ಸಿಕ್ಕರೆ ಅವಳು ನಮ್ಮ ಕೈ ಹಿಡಿದು ಹಿಂಡಿ ಹೋಗುತ್ತಿದ್ದಳು. ಗಡ್ಡದ ತರುಣನೊಬ್ಬ ಶಿಶುವಿಹಾರದ ಮುದುಕಿಯೊಬ್ಬರ ಜಾಗಕ್ಕೆ ಹೋಗಿದ್ದ. ಅವರ ಮೊಮ್ಮಕ್ಕಳು ಅವನ ತೊಡೆಯ ಮೇಲೆ ತಲೆಯಿಟ್ಟು "ಅಜ್ಜಿ, ಕಥೆ ಹೇಳು" ಎನ್ನುತ್ತಿದ್ದವು. ಅವನು ಹೇಳುತ್ತಿದ್ದ. ಗಂಡು ಹೆಣ್ಣು, ವಯಸ್ಸು, ಬಣ್ಣ, ಇದಾವುದೂ ಆ ಊರಿಗೆ ಲೆಕ್ಕವಿರಲಿಲ್ಲ. ನಾನು ಮಾತ್ರ ಹೆದರುಪುಕ್ಕಲಿ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ, ಗ್ರಂಥಾಲಯದ ಓದು ಮುಗಿಸಿ, ತೋಟಗಾರಿಕೆಗೆ ಸೇರಿಕೊಂಡಿದ್ದೆ.

ನನ್ನ ಹೆಸರು ಜೆಸಿಂತಾ, ಉಡುಪಿ ಹತ್ತಿರದ ಶಿರ್ವದವಳು. ನನ್ನ ಕೋಣೆಯಲ್ಲಿದ್ದವಳು ಗದಗಿನ ದಾಕ್ಷಾಯಿಣಿ. ಮೊದಲ ದಿನ ಅವಳ ಕನ್ನಡ ನನಗೆ, ನನ್ನದು ಅವಳಿಗೆ ಅರ್ಥವಾಗದೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡಿದ್ದೆವು. ಆಮೇಲೆ ಅವಳು ನನ್ನ 'ಮಾರಾಯ್ತಿ'ಯನ್ನೂ ನಾನು ಅವಳ 'ಲೇ'ಯನ್ನೂ ಎತ್ತಿಕೊಂಡು, ನಮ್ಮಿಬ್ಬರದೇ ಒಂದು ಕನ್ನಡ ಹುಟ್ಟಿತ್ತು. ಅವಳು ಓದಿದ್ದು ಆಡಿಯಾಲಜಿ, ಎಂದರೆ ಕಿವಿ ಪರೀಕ್ಷಿಸಿ ಕೇಳದವರಿಗೆ ಯಂತ್ರ ಹೊಂದಿಸುವ ವಿದ್ಯೆ. ಅವಳ ತಾಯಿ ಚನ್ನವ್ವ ಬಸ್ ಕಂಡಕ್ಟರ್. ಹಳೆಯ ಬಸ್ಸುಗಳ ಗದ್ದಲದಲ್ಲಿ ಅವರ ಎಡಗಿವಿ ಮಂದವಾಗಿತ್ತು. ಆ ಒಂದು ಕಿವಿಗಾಗಿ ಓದಲು ಹೊರಟ ದಾಕ್ಷಿಗೆ ಓದಿನ ರುಚಿಯೇ ಹತ್ತಿಬಿಟ್ಟಿತು. "ಹುಟ್ಟಿದಾಗಿಂದ ಏನೂ ಕೇಳದ ಕೂಸು ಮೊದಲನೇ ಸಲ ಸಪ್ಪಳ ಕೇಳಿದಾಗ ಹೆಂಗ ನೋಡ್ತೈತಿ ಗೊತ್ತೇನಲೇ? ಇಲ್ಲಿ ಇರೋ ಮಷೀನು ಬ್ಯಾರೆ ಎಲ್ಲೂ ಇಲ್ಲ. ಇದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದಳು.

ಅವಳ ಪರೀಕ್ಷೆ ಮುಗಿದ ವರ್ಷ ಚಳಿ ಬೇಗ ಬಂತು. ಬೆಟ್ಟದ ನೆತ್ತಿ ಆಗಲೇ ಬಿಳಿಯಾಗಿತ್ತು. ಆಗ ಗಂಟೆ ಬಾರಿಸಿತು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದ ಇಲ್ಮಾ ಎಂಬಾಕೆ ಜ್ವರದಲ್ಲಿ ತೀರಿಕೊಂಡಿದ್ದಳು, ನಮಗಿಂತ ನಾಲ್ಕಾರು ವರ್ಷ ದೊಡ್ಡವಳು. ದಾಕ್ಷಿ ತಟ್ಟೆ ಬಿಟ್ಟು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದು, "ಜೋಡಿ ಬರ್ತೀಯೇನು?" ಎಂದಳು.

ಇಲ್ಮಾಳ ಮನೆ ಲಾಂಚು ನಿಲ್ಲುವ ಕಟ್ಟೆಯ ಪಕ್ಕದಲ್ಲಿತ್ತು. ಅವಳ ತಾಯಿ ಒದಿಲಾ ಅದೇ ಲಾಂಚಿನಲ್ಲಿ ಟಿಕೆಟ್ ಕೊಡುವವರು. ಎತ್ತರದ, ಬಿಳಿ ಕೂದಲಿನ, ಮೆಲುಮಾತಿನ ಹೆಂಗಸು. ಅಡುಗೆಮನೆಯಲ್ಲಿ ಎರಡೇ ಕುರ್ಚಿ, ಒಂದರ ಬೆನ್ನಿಗೆ ನೀಲಿ ಕೋಟು ತೂಗುಹಾಕಿತ್ತು. "ಹಾಕಿಕೊಂಡು ನೋಡು" ಎಂದರು. ದಾಕ್ಷಿ ಹಾಕಿಕೊಂಡಳು. ತೋಳು ಅವಳ ಬೆರಳುಗಳನ್ನೂ ಮುಚ್ಚಿತು. "ಸ್ವಲ್ಪ ಉದ್ದ ಆಯಿತು, ಕತ್ತರಿಸಿ ಹೊಲಿಯಬೇಕು" ಎಂದೆ ನಾನು. "ಕೋಟು ಹಾಗೆಯೇ ಇರಲಿ. ಕೈ ಬೆಳೆಯುತ್ತದೆ" ಎಂದರು ಒದಿಲಾ. ಅವರು ತಮಾಷೆ ಮಾಡುತ್ತಿರಲಿಲ್ಲ.

ಸೂಪು ಬಡಿಸಿದರು. ದಾಕ್ಷಿ ಚಮಚ ಎತ್ತಿದಾಗ ಒದಿಲಾ ಅದನ್ನು ಅವಳ ಬಲಗೈಯಿಂದ ಬಿಡಿಸಿ ಎಡಗೈಯಲ್ಲಿಟ್ಟರು. ಆಮೇಲೆ ಕೇಳಿದರು, "ನಿನಗೆ ತಾಯಿ ಇದ್ದಾರೆಯೇ?" ಇದ್ದಾರೆ ಎಂದಳು ದಾಕ್ಷಿ. ಒದಿಲಾ ಕಿಟಕಿಯಾಚೆ ನೀರನ್ನು ನೋಡಿದರು. "ತಾಯಿ ಇಲ್ಲದ ಹುಡುಗಿ ಬಂದರೆ ಒಳ್ಳೆಯದಿತ್ತು. ಆದರೆ ಬಂದವಳು ನೀನು" ಎಂದು ಬಟ್ಟಲಿಗೆ ಇನ್ನೊಂದು ಸೌಟು ಹಾಕಿದರು. ಒಪ್ಪಿಗೆ ಎಂದರೆ ಅಷ್ಟೇ.

ವಾಪಸು ಬರುವಾಗ ದಾಕ್ಷಿ ರಸ್ತೆಯಲ್ಲೇ ಕುಣಿದಳು. "ಹೆಸರಿನ್ಯಾಗ ಏನೈತಿ ಮಾರಾಯ್ತಿ? ದವಾಖಾನ್ಯಾಗ ಇಲ್ಮಾ, ನಿನ್ನ ಮುಂದ ದಾಕ್ಷಿ. ಎರಡೂ ಸಂಭಾಳಿಸ್ತೀನಿ." ತಾಯಿಗೆ ಫೋನು ಮಾಡಿದಳು. ಕಿವಿ ಮಂದವಾದವರ ದನಿ ದೊಡ್ಡದಲ್ಲವೇ, ಚನ್ನವ್ವನ ಮಾತು ನನ್ನ ಮಂಚದವರೆಗೂ ಕೇಳಿಸಿತು: "ನಾಳಿ ಬಸ್ಸಿನ್ಯಾಗ ಎಲ್ಲಾರಿಗೂ ಪೇಡೆ ಹಂಚ್ತೀನವಾ! ಟಿಕೆಟ್ ತಗೊಂಡಾರಿಗೂ, ಪಾಸಿನ ಹುಡುಗರಿಗೂ!"

ದಾಕ್ಷಿ ಆ ಮನೆಗೆ ಹೋದ ಮೇಲೂ ಭಾನುವಾರಗಳಂದು ಹಾಸ್ಟೆಲಿಗೆ ಬಂದು ನನ್ನ ಮಂಚದ ಮೇಲೆ ಕೂತು ತಾಯಿಯ ಜೊತೆ ಮಾತಾಡುತ್ತಿದ್ದಳು. ಹಿಮ ಬಿದ್ದು ಸರೋವರ ಗಟ್ಟಿಯಾಗುತ್ತಿದ್ದಂತೆ ಅವಳ ಮಾತು ಕಡಿಮೆಯಾಯಿತು. ಒಂದು ವಾರ 'ಉಳ್ಳಾಗಡ್ಡಿ' ಎಂಬ ಪದ ನೆನಪಾಗದೆ ಕೈಯಲ್ಲಿ ಆಕಾರ ಮಾಡಿ ತೋರಿಸಿದಳು. ಇನ್ನೊಂದು ವಾರ ನಾನು ಹೇಳಿದ ನಗೆಮಾತಿಗೆ, ಅನುವಾದವಾಗಿ ಬಂದ ಹಾಗೆ, ತಡವಾಗಿ ನಕ್ಕಳು. ಕೋಟಿನ ತೋಳು ಅವಳ ಮಣಿಕಟ್ಟಿಗೆ ಸರಿಯಾಗಿ ಕೂತಿರುವುದನ್ನು ನಾನು ಅವತ್ತೇ ಗಮನಿಸಿದ್ದು. ಫೋನಿನಲ್ಲಿ ಚನ್ನವ್ವ, "ಯಾಕ ಸುಮ್ಮನಾದೀ? ಕೇಳಿಸ್ತೈತಿಲ್ಲೋ?" ಎಂದು ಕೂಗುತ್ತಿದ್ದರು. ದಾಕ್ಷಿ ಫೋನನ್ನು ನನ್ನ ಕೈಗೆ ಕೊಟ್ಟು, ಆ ಊರಿನ ಭಾಷೆಯಲ್ಲಿ, "ಪಾಪ, ಯಾರೋ ಗಾಬರಿಯಲ್ಲಿದ್ದಾರೆ" ಎಂದಳು. ಅದಾದ ಮೇಲೆ ಅವಳು ಹಾಸ್ಟೆಲಿಗೆ ಬರಲಿಲ್ಲ.

ನಾನು ಕಿವಿನೋವೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಹೋದೆ. ಅವಳು ಬಿಳಿ ಅಂಗಿಯಲ್ಲಿ ಬಂದು, "ಕುಳಿತುಕೊಳ್ಳಿ" ಎಂದು ನನ್ನನ್ನು ಗಾಜಿನ ಕೋಣೆಯೊಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದಳು. ಶಬ್ದ ಕೇಳಿಸಿದಾಗ ಕೈ ಎತ್ತಬೇಕು, ಮಾತಾಡಬಾರದು. ಅವಳು ಗಾಜಿನಾಚೆ ಯಂತ್ರದ ಮುಂದೆ ಕೂತಳು. ಒಂದು ಸಣ್ಣ ಕೀ ಸದ್ದು, ಕೈ ಎತ್ತಿದೆ. ಇನ್ನೂ ಸಣ್ಣದು, ಎತ್ತಿದೆ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದರ ಅಡಿಯಿಂದ, ಬಾವಿಯ ತಳದಿಂದ ಬಂದ ಹಾಗೆ, ದಾಕ್ಷಿಯ ದನಿ ಬಂತು: "ಜೆಸಿಂತಾ, ಒಮ್ಮೆ ನನ್ನ ಹೆಸರು ಹಿಡಿದು ಕರೀಲೇ." ತಲೆಯೆತ್ತಿ ನೋಡಿದೆ. ಗಾಜಿನಾಚೆ ಅವಳು ತುಟಿ ಮುಚ್ಚಿಕೊಂಡು ಎಡಗೈಯಲ್ಲಿ ಏನೋ ಬರೆಯುತ್ತಿದ್ದಳು. ಕಿವಿಯಲ್ಲಿ ಮತ್ತೆ, ಇನ್ನೂ ಕೆಳಗಿನಿಂದ, "ಕರೀಲೇ." ನಾನು "ದಾಕ್ಷಿ! ದಾಕ್ಷಾಯಿಣೀ!" ಎಂದು ಚೀರಿಬಿಟ್ಟೆ. ಅವಳು ಎದ್ದು ಬಂದು ಬಾಗಿಲು ತೆರೆದು, "ದಯವಿಟ್ಟು ಕೈ ಎತ್ತಿದರೆ ಸಾಕು. ಮಾತಾಡಿದರೆ ಪರೀಕ್ಷೆ ಮೊದಲಿಂದ ಮಾಡಬೇಕಾಗುತ್ತದೆ" ಎಂದಳು. ಸಿಟ್ಟಿನಿಂದಲ್ಲ, ಬಹಳ ಸೌಜನ್ಯದಿಂದ.

ಅವತ್ತೇ ಚನ್ನವ್ವನಿಗೆ ಫೋನು ಮಾಡಿದೆ. "ಅಮ್ಮ, ಅವಳ ಆರೋಗ್ಯಕ್ಕೆ ಎಂತದೂ ಇಲ್ಲ. ಆದರೆ ನೀವೊಮ್ಮೆ ಬರಬೇಕು." "ಯಾರನ್ನರೆ ಮದುವಿ ಗಿದುವಿ ಮಾಡ್ಕೊಂಡಾಳೇನು?" "ಇಲ್ಲ." "ಮತ್ತ ಏನಾಗೇತಿ?" "ನನಗೆ ಫೋನಿನಲ್ಲಿ ಹೇಳಲಿಕ್ಕೆ ಗೊತ್ತಾಗುವುದಿಲ್ಲ." "ರಜಾ ಹಾಕ್ತೀನಿ" ಎಂದರು.

ಮಂಜುಗಡ್ಡೆ ಒಡೆದು ಲಾಂಚು ಶುರುವಾದ ಕೂಡಲೇ ಚನ್ನವ್ವ ಬಂದರು. ಗಿಡ್ಡ ಮೈಕಟ್ಟು, ಇಳಕಲ್ ಸೀರೆಯ ಮೇಲೆ ಗಂಡಸರ ಸ್ವೆಟರ್, ತಲೆಗೆ ಮಫ್ಲರು. ಕಟ್ಟೆಗೆ ಇಳಿದವರೇ ನನ್ನ ಗಲ್ಲ ಹಿಡಿದು, "ನೀನ ಅಲ್ಲೇನವಾ ಜೆಸಿಂತಾ?" ಎಂದರು. ಆಮೇಲೆ ಹಿಂದೆ ತಿರುಗಿ, ಲಾಂಚಿನಲ್ಲಿ ನಿಂತಿದ್ದ ಒದಿಲಾರನ್ನು ತೋರಿಸಿ, "ಆ ಟಿಕೆಟ್ ಕೊಡೋ ಅಜ್ಜಿ ಕೈ ಭಾಳ ಚುರುಕು. ಆದ್ರ ಕೆಮ್ಮು ಛಲೋ ಇಲ್ಲ" ಎಂದರು. ಆ ಅಜ್ಜಿ ಯಾರೆಂದು ನಾನು ದಾರಿಯಲ್ಲಿ ಹೇಳಿದೆ. ಹಾಸ್ಟೆಲು ಮುಟ್ಟುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದೆ. ಅವರು ನಂಬಲಿಲ್ಲ. "ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ನನ್ನ ಮರೀತಾಳಂತ?" ಎಂದು ನಕ್ಕರು.

ಸಂಜೆ ಆ ಮನೆಗೆ ಹೋದೆವು. ಬಾಗಿಲು ತೆರೆದವಳು ಚನ್ನವ್ವನನ್ನು ನೋಡಿ ಮುಗುಳ್ನಕ್ಕು, ಒಳಗೆ ಬರಮಾಡಿಕೊಂಡು, ಪ್ರಯಾಣ ಹೇಗಿತ್ತು, ಚಳಿ ಹೆಚ್ಚಾಯಿತೇ ಎಂದು ವಿಚಾರಿಸಿದಳು. ಚನ್ನವ್ವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅವರು ಅವಳನ್ನು ಮೇಲಿಂದ ಕೆಳಗೆ ನೋಡುತ್ತಲೇ ಇದ್ದರು. ಕಪ್ಪಿಗೆ ಕಾಫಿ ಸುರಿಯುತ್ತಿದ್ದ ಆ ಎಡಗೈಯನ್ನು ನೋಡಿದರು. ನಂತರ ಎದ್ದು ನಿಂತು, ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥ ದನಿಯಲ್ಲಿ, "ದಾಕ್ಷೀ!" ಎಂದು ಕೂಗಿದರು. ಅವಳು ತನ್ನ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು.

ಒದಿಲಾ ಅವಳನ್ನು ಹಾಲು ತರಲು ಹೊರಗೆ ಕಳಿಸಿದರು. ಅವರು ಆಡಿದ್ದನ್ನೆಲ್ಲ ನಾನು ಕನ್ನಡಕ್ಕೆ ತಂದೆ. "ಇವಳನ್ನು ಕರೆದುಕೊಂಡು ಹೋಗಲು ಬಂದಿದ್ದೀರಿ. ಕೈಹಿಡಿದು ಎಳೆದರೆ ಬಂದಾಳು, ತಡೆಯಲು ನನಗೆ ಯಾವ ಮುಖವೂ ಇಲ್ಲ. ಆದರೆ ನಿಮ್ಮ ಊರಿಗೆ ಬರುವವಳು ಇಲ್ಮಾ. ಬೆಳಗಾದರೆ ನನ್ನನ್ನು ಕೇಳಿಕೊಂಡು ಅಳುತ್ತಾಳೆ." ಚನ್ನವ್ವ ಕೇಳಿದರು, "ನಿಮಗ ಗೊತ್ತಾಗೂದಿಲ್ಲೇನ್ರಿ, ಇಕಿ ನಿಮ್ಮ ಮಗಳಲ್ಲಾಂತ?" ಒದಿಲಾ ಕೆಮ್ಮು ತಡೆದುಕೊಂಡು ಹೇಳಿದರು, "ಮೊದಮೊದಲು ಗೊತ್ತಾಗುತ್ತಿತ್ತು."

ಚನ್ನವ್ವ ಅವತ್ತು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಲಾಂಚಿಗೆ ಹೋಗಿ ಕೂತರು. ಆ ದಡಕ್ಕೆ ಹೋದರು, ಈ ದಡಕ್ಕೆ ಬಂದರು, ಮತ್ತೆ ಹೋದರು. ಹೀಗೆಯೇ ದಿನವೂ. ಮಗಳ ಹತ್ತಿರವಿರಲು ಅವರಿಗೆ ಉಳಿದದ್ದು ಆ ಮಗಳ ಮತ್ತೊಬ್ಬ ತಾಯಿ ಮಾತ್ರ. ಒಂದು ವಾರ ಕಳೆಯುವಷ್ಟರಲ್ಲಿ ಇಬ್ಬರೂ ಪಕ್ಕಪಕ್ಕ ನಿಂತಿರುವುದನ್ನು ಕಂಡೆ. ಒದಿಲಾ ಕೆಮ್ಮಿನಿಂದ ಬಗ್ಗಿದಾಗ ಚನ್ನವ್ವ ಟಿಕೆಟ್ಟಿನ ಚೀಲ ತಮ್ಮ ಹೆಗಲಿಗೆ ಹಾಕಿಕೊಂಡು ಜನರ ನಡುವೆ ನುಗ್ಗುತ್ತಿದ್ದರು. ಹಗ್ಗ ಹೇಗೆ ಎಸೆಯಬೇಕು, ಗಾಳಿ ಬಂದಾಗ ಯಾರನ್ನು ಎಲ್ಲಿ ಕೂರಿಸಬೇಕು ಎಂದು ಒದಿಲಾ ಕೈಸನ್ನೆಯಲ್ಲೇ ಕಲಿಸಿದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತು, ಆಸ್ಪತ್ರೆಯಿಂದ ಮನೆಗೆ ನಡೆದು ಬರುತ್ತಿದ್ದ ಅವಳನ್ನು ಒಟ್ಟಿಗೆ ನೋಡುತ್ತಿದ್ದರು.

ಬೇಸಿಗೆ ಕಾಲಿಟ್ಟಾಗ ಗಂಟೆ ಬಾರಿಸಿತು. ಆ ಕೆಮ್ಮಿನಲ್ಲೇ ಒದಿಲಾ ತೀರಿಕೊಂಡಿದ್ದರು. ಹಾಸ್ಟೆಲಿನಲ್ಲಿ ಸಾರಿಗೆ ಓದಿದ ಇಬ್ಬರು ತರುಣರು ಕತ್ತೆತ್ತಿದರು. ಚನ್ನವ್ವ ಬೆರ್ನಾ ಮೇಡಂ ಬಳಿ ಹೋಗಿ ನಿಂತರು. "ಕೇಳವಾ ಅವರನ್ನ. ಓದಿದಾರ ಆಗಬೇಕೋ, ಕೆಲಸ ಬಂದ್ರ ಸಾಕೋ?" ಬೆರ್ನಾ ಸೌಟು ಹಿಡಿದುಕೊಂಡೇ ಯೋಚಿಸಿ, "ಬಂದರೆ ಸಾಕು" ಎಂದರು. ಚನ್ನವ್ವನನ್ನು ಹೊರಗೆ ಕರೆದುಕೊಂಡು ಬಂದು ಹೇಳಿದೆ, "ಅಮ್ಮ, ನೀವು ಗದಗ ಮರೆಯುತ್ತೀರಿ. ನಿಮ್ಮ ಹೆಸರು ಮರೆಯುತ್ತೀರಿ. ಅವಳು ದಾಕ್ಷಿ ಅಂತ ಕೂಡ ನಿಮಗೆ ಗೊತ್ತಿರುವುದಿಲ್ಲ." "ಹೌದಲ್ಲ" ಎಂದರು ಚನ್ನವ್ವ. "ಆದ್ರ ಮಗಳು ಅನ್ನೂದು ಉಳೀತೈತಲ್ಲ?"

ಆ ಮನೆಯ ಅಡುಗೆಮನೆಯಲ್ಲಿ ಈ ಸಲ ಪ್ರಶ್ನೆ ಕೇಳುವವಳು ಅವಳೇ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಇಬ್ಬರು ತರುಣರೂ ಬಾಗಿಲ ಬಳಿ ಒದ್ದೆ ತಲೆ ಬಾಚಿಕೊಂಡು ನಿಂತಿದ್ದರು. ಅವರಲ್ಲೊಬ್ಬ ಒದಿಲಾರ ಉಣ್ಣೆ ಶಾಲನ್ನು ಆಗಲೇ ಹೊದ್ದು ನೋಡಿದ್ದ, ಅದು ಅವನಿಗೆ ಚೆನ್ನಾಗಿಯೇ ಒಪ್ಪಿತ್ತು. ಅವಳು ಚನ್ನವ್ವನತ್ತ ತಿರುಗಿ, "ನೀವು ಇಲ್ಲಿಯವರಲ್ಲ. ಈ ಜಾಗ ನಿಮಗೆ ಯಾಕೆ ಬೇಕು?" ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಚನ್ನವ್ವ ಮಗಳ ಕಣ್ಣಲ್ಲಿ ಕಣ್ಣಿಟ್ಟು, ನನಗೆ ಹೇಳಿದರು: "ಬ್ಯಾರೆ ಯಾರರೆ ಬಂದು ಇಕಿಗೆ ಅವ್ವ ಆಗೂದನ್ನ ನಾನು ನೋಡ್ಲಾರೆ ಅಂತ ಹೇಳು." ನಾನು ಅದನ್ನು ಯಾವ ಬಾಯಲ್ಲಿ ಹೇಳಲಿ? "ಕೆಲಸ ಬರುತ್ತದೆ, ಮಗಳನ್ನು ಸಾಕಿಯೂ ಅಭ್ಯಾಸವಿದೆ ಎನ್ನುತ್ತಾರೆ" ಎಂದೆ. ಅವಳು ಆ ತರುಣನ ಹೆಗಲಿಂದ ಶಾಲು ತೆಗೆದು ಚನ್ನವ್ವನಿಗೆ ಹೊದಿಸಿದಳು. ಅದು ಅವರ ಪಾದದವರೆಗೂ ಇಳಿಯಿತು.

ಆಮೇಲಿನದನ್ನು ನಾನು ದೂರದಿಂದಲೇ ನೋಡಿದೆ. ಇಳಕಲ್ ಸೀರೆ ಹೋಯಿತು. ಗಟ್ಟಿ ದನಿ ಮೆಲ್ಲಗಾಯಿತು. ಶಾಲು ಮಂಡಿಗೆ ಬಂತು. ಒಂದು ದಿನ ಲಾಂಚಿನಲ್ಲಿ "ಅಮ್ಮ, ಆರಾಮಾ?" ಎಂದು ಕನ್ನಡದಲ್ಲಿ ಕೇಳಿದೆ. ಒದಿಲಾ ನನ್ನ ಕೈಗೆ ಟಿಕೆಟ್ ಕೊಟ್ಟು ಮುಂದಿನವರತ್ತ ಹೋದರು. ಹೌದು, ನಾನೂ ಅವರನ್ನು ಒದಿಲಾ ಎಂದೇ ಕರೆಯಲು ಕಲಿತಿದ್ದೆ.

ತೋಟಗಾರಿಕೆಯ ಪರೀಕ್ಷೆ ಮುಗಿದ ವಾರವೇ ಗಂಟೆ ಬಾರಿಸಿ, ಊರ ಉದ್ಯಾನದ ಮಾಲಿ ಹೋದರಂತೆ ಎಂಬ ಸುದ್ದಿ ಬಂತು. ಎದುರಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖ ಅರಳುವುದನ್ನು ಕಂಡೆ. ಅದನ್ನು ನೋಡಿದ ಮೇಲೆ ಅಲ್ಲಿ ನಿಲ್ಲಲು ಧೈರ್ಯವಾಗಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಕಟ್ಟೆಗೆ ಬಂದೆ.

ಲಾಂಚು ಹೊರಡಲು ಇನ್ನೂ ಸಮಯವಿತ್ತು. ಅವಳು ತಾಯಿಗೆ ಬುತ್ತಿ ತಂದಿದ್ದಳು. ತಾಯಿ ಬುತ್ತಿ ಈಸಿಕೊಳ್ಳುವ ಮೊದಲೇ, ಗಾಳಿಯಲ್ಲಿ ಬರಿದಲೆಯಲ್ಲಿ ಬಂದೆಯಲ್ಲ ಎಂದು ಗದರಿ, ತಮ್ಮ ತಲೆವಸ್ತ್ರ ಬಿಚ್ಚಿ ಅವಳ ಕಿವಿ ಮುಚ್ಚುವಂತೆ ಕಟ್ಟಿದರು. ಅವಳು ಮುಖ ಸಿಂಡರಿಸಿಕೊಂಡು ಕಟ್ಟಿಸಿಕೊಂಡಳು. ಇಬ್ಬರೂ ಸುಖವಾಗಿದ್ದರು, ನನಗೆ ಮೈ ಜುಮ್ಮೆಂದದ್ದು ಅದಕ್ಕೇ. ತಾಯಿ ಟಿಕೆಟ್ ಕೊಡಲು ಒಳಗೆ ಹೋದ ಮೇಲೆ ಅವಳು ನನ್ನ ಹತ್ತಿರ ಬಂದಳು. "ನೀವು ಬಹಳ ಭಾಷೆ ಬಲ್ಲವರಂತೆ. ಒಂದು ಮಾತು ಕೇಳಲೇ? ಅಮ್ಮ ನಿದ್ದೆಯಲ್ಲಿ ಏನೋ ಹೇಳುತ್ತಾಳೆ. ದಿನವೂ ಅದನ್ನೇ, ಅದೇ ರಾಗದಲ್ಲಿ. ಅದನ್ನು ಕೇಳುತ್ತಾ ಮಲಗಿದರೆ ನನಗೆ ತುಂಬಾ ಒಳ್ಳೆಯ ನಿದ್ದೆ ಬರುತ್ತದೆ." ಹಾಗೆಂದು ಕಣ್ಣು ಮುಚ್ಚಿಕೊಂಡು, ಕೇಳಿ ಕೇಳಿ ಬಾಯಿಪಾಠವಾದುದನ್ನು ಒಪ್ಪಿಸಿದಳು: "ಶಿರಗುಪ್ಪಿ, ಭದ್ರಾಪುರ, ಅಣ್ಣಿಗೇರಿ, ಹುಲಕೋಟಿ, ಬಿಂಕದಕಟ್ಟಿ."

"ಊರುಗಳ ಹೆಸರು" ಎಂದೆ. "ಬಸ್ಸು ನಿಲ್ಲುವ ಊರುಗಳು."

"ಹೌದೇ? ಆದರೆ ಯಾವಾಗಲೂ ಅಲ್ಲಿಗೇ ನಿಂತುಹೋಗುತ್ತದೆ. ಬಿಂಕದಕಟ್ಟಿ ಎನ್ನುತ್ತಾಳೆ, ಆಮೇಲೆ ಉಸಿರು ಬಿಗಿಹಿಡಿದು ಬಹಳ ಹೊತ್ತು ಸುಮ್ಮನಿರುತ್ತಾಳೆ. ಕತ್ತಲಲ್ಲಿ ನಾನೂ ಕಾಯುತ್ತಿರುತ್ತೇನೆ. ಅದರ ನಂತರ ಏನು ಬರಬೇಕು?"

"ಗದಗ" ಎಂದೆ.

ಅವಳು ಹಾಗೆಯೇ ನಿಂತಳು. ತಲೆವಸ್ತ್ರವನ್ನು ಒಂದು ಕಿವಿಯಿಂದ ಸರಿಸಿ, "ಇನ್ನೊಮ್ಮೆ ಹೇಳಿ" ಎಂದಳು. ನಾನು ಹೇಳಿದೆ. "ಇವತ್ತು ಅಮ್ಮ ನಿಲ್ಲಿಸಿದ ಕಡೆ ನಾನು ಇದನ್ನು ಹೇಳಿ ನೋಡುತ್ತೇನೆ" ಎಂದಳು.

ಹಗ್ಗ ಬಿಚ್ಚಿದರು. ತಾಯಿ ಟಿಕೆಟ್ ಹರಿಯುತ್ತಾ ಜನರ ನಡುವೆ ಮರೆಯಾದರು. ಲಾಂಚು ದೂರ ಸರಿಯುತ್ತಿತ್ತು, ಅವಳು ಇನ್ನೂ ಕಟ್ಟೆಯ ತುದಿಯಲ್ಲೇ ನಿಂತಿದ್ದಳು. ಮೊದಲ ಬಾರಿಗೆ ಮಾತು ಕಲಿಯುವ ಕೂಸಿನ ಹಾಗೆ, ಆ ಮೂರು ಅಕ್ಷರಗಳನ್ನು ಒಂದೊಂದಾಗಿ ತುಟಿಯ ಮೇಲೆ ತಂದು ಅಭ್ಯಾಸ ಮಾಡುತ್ತಿದ್ದಳು.